ಚಮಕಾ ಸೆರಗು

ಬನಹಟ್ಟಿಯ ಶಿವಯೋಗೆಪ್ಪ ಮೊದಲೇ ನಿಂತಲ್ಲಿ ನಿಲ್ಲುವ ಆಸಾಮಿಯಲ್ಲ. ಆ ವಾರವಂತೂ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದ. ಹೋದ ವರ್ಷ ತನ್ನ ಕೆಲವು ಮಗ್ಗಗಳಲ್ಲಿ ರೇಷ್ಮೆ ಬಿಟ್ಟು, ಸೆರಗಿಗೆ ರೇಷ್ಮೆಯಂತೆ ಹೊಳೆಯುವ ಅಗ್ಗದ ಚಮಕಾ ನೂಲು ಹಾಕಿ ಸೀರೆ ನೇಯಿಸಿದ್ದ. ಈ ಸಲದ ಲಗ್ನಸರಾಯಿಯ ಹಂಗಾಮಿಗೆ ಎಲ್ಲ ಮಗ್ಗಕ್ಕೂ ಅದನ್ನೇ ಹೂಡುವುದೋ ಬೇಡವೋ ಎಂದು ಸೋಮವಾರದೊಳಗೆ ನೂಲಿನ ದಲ್ಲಾಳಿಗೆ ತಿಳಿಸಬೇಕಿತ್ತು. ಲೆಕ್ಕ ತಪ್ಪಿ ಕೆಟ್ಟ ಮಾಲು ಹೊರಬಿದ್ದರೆ ಅಜ್ಜ ಗಳಿಸಿದ ಹೆಸರು ಮಣ್ಣುಪಾಲು.

ಸಂಸ್ಥಾನಗಳು ಹೋಗಿ ಮುಂಬಯಿ ಸರಕಾರ ಬಂದ ಹೊಸತು. ಮುಂಬಯಿಯ ದೊಡ್ಡ ಕಂಪನಿಯವರು ಮಾಲು ಮಾಡುವ ಮೊದಲು ಗಿರಾಕಿಯ ಮನಸ್ಸು ಅಳೆಯುತ್ತಾರೆ ಎಂದು ಆ ದಲ್ಲಾಳಿಯೇ ಹೇಳಿದ್ದ. ಶಿವಯೋಗೆಪ್ಪನೂ ಅಳೆಯಲು ಹೊರಟ. ಮಹಾಲಿಂಗಪುರ, ಮುಧೋಳ, ಬೀಳಗಿ ಸುತ್ತಿ, ತನ್ನ ಸೀರೆ ಸೇರಿದ ಮನೆಗಳನ್ನು ಹುಡುಕಿ, ಉಟ್ಟವರನ್ನೇ ಕೇಳಿದ. ಎಲ್ಲರೂ ಚಹಾ ಕೊಟ್ಟರು, ಎಲ್ಲರೂ ಸೀರೆ ಛಲೋ ಇದೆ ಎಂದರು. ಪಕ್ಕದ ಮನೆಯ ಉಪ್ಪಿಗೂ ಹೆಸರಿಟ್ಟು ಕೊಂಕು ತೆಗೆಯುವ ಊರುಗಳಿವು. ಒಬ್ಬಳಾದರೂ ಬಣ್ಣ ಬಿಟ್ಟಿತು ಎನ್ನಬೇಡವೆ? ಈ ಹೊಗಳಿಕೆ ಅವನಿಗೆ ಅರಗಲಿಲ್ಲ. ಬಸ್ಸಿನಲ್ಲಿ ಕುಳಿತರೂ ಎದ್ದೆದ್ದು ನಿಲ್ಲುತ್ತಿದ್ದ.

ಕಡೆಗೆ ಅನಗವಾಡಿಗೆ, ಮಗಳು ಇಂದ್ರವ್ವನ ಮನೆಗೆ ಬಂದ. ಹೋದ ಪಂಚಮಿಗೆ ಅವಳಿಗೂ ಅದೇ ಸೀರೆ ಉಡಿಸಿ ಕಳಿಸಿದ್ದ. ಅವಳೂ ಛಲೋ ಇದೆ ಎಂದಳು, ಆದರೆ ಅಪ್ಪನ ಮುಖ ನೋಡದೆ ಎಂದಳು. ಅವಳು ನೀರಿಗೆ ಹೋದಾಗ ಶಿವಯೋಗೆಪ್ಪ ತಾನೇ ಒಂದು ಕೌದಿ ಎಳೆದು ಹಾಸಿಕೊಂಡು ಅಡ್ಡಾದ. ನಿದ್ದೆ ಎಲ್ಲಿಯದು? ಹೊರಳಿ ಹೊರಳಿ ಕೌದಿಯ ಮೂಲೆ ಮಡಚಿ ಅಡಿಮೈ ಮೇಲಾಯಿತು. ಹಳೆಯ ಧೋತರ, ಹಳೆಯ ಕುಪ್ಪಸದ ತುಂಡುಗಳ ನಡುವೆ ಅವನದೇ ಸೀರೆಯ ದಡಿ, ಅವನದೇ ಚಮಕಾ ಸೆರಗು. ಸೀರೆ ವರ್ಷಗಟ್ಟಲೆ ಉಟ್ಟು ಸವೆದ ಮೇಲೆ ಕೌದಿ ಸೇರುವುದು ರೂಢಿ. ಇದಕ್ಕೆ ವರ್ಷವೂ ತುಂಬಿರಲಿಲ್ಲ.

ಕೊಡ ಇಳಿಸಿದ ಮಗಳಿಗೆ ಅವನು ಕೌದಿಯ ಮೂಲೆ ತೋರಿಸಿದ. ಅವಳು ತಡವರಿಸುತ್ತ ಹೇಳಿದಳು. ಹೊಳೆಯಲ್ಲಿ ಒಂದೆರಡು ಸಲ ಒಗೆಯುವುದರೊಳಗೆ ಸೆರಗು ಎಳೆ ಬಿಟ್ಟಿತ್ತು. ಅತ್ತೆ ಶಿವಗಂಗವ್ವ ಕಂಡರೆ ತವರನ್ನು ಆಡಿಕೊಳ್ಳುತ್ತಾಳೆಂದು, ಆಕೆ ಊರಲ್ಲಿಲ್ಲದಾಗ ಕತ್ತರಿಸಿ ಅಡಿಮೈಗೆ ಹೊಲಿದಿದ್ದಳು.

"ನನಗರ ಹೇಳಬಾರದಿತ್ತೇನವ್ವಾ?"

"ತವರಮನಿ ಸೀರಿಗೆ ಯಾರರ ಹೆಸರ ಇಡತಾರೇನಪ್ಪಾ? ಅರಿಶಿಣ ಕುಂಕುಮ ಹಚ್ಚಿ ಕೊಟ್ಟದ್ದು."

ಶಿವಯೋಗೆಪ್ಪ ಕೌದಿ ಮಡಚಿಟ್ಟು ಎದ್ದ. ಅವನ ಸೀರೆಗಳೆಲ್ಲ ಲಗ್ನಕ್ಕೆ, ಪಂಚಮಿಗೆ ತವರಿನವರು ಕೊಳ್ಳುವಂಥವೇ. ಉಡುವವಳು ತಪ್ಪು ಹೇಳಲೇಬಾರದ ಮಾಲನ್ನು ಅವಳ ಬಾಯಿಂದಲೇ ಅಳೆಯಲು ಊರೂರು ಸುತ್ತಿದ್ದ, ಭಾರೀ ಬುದ್ಧಿವಂತ ಶಾಣ್ಯಾ! ಇಲ್ಲಿ ಮಗಳು ಇಷ್ಟು ದಿನ ಅವನ ಮಾನವನ್ನು ಕೌದಿಯೊಳಗೆ ಮುಚ್ಚಿಟ್ಟುಕೊಂಡು ಕೂತಿದ್ದಳು.

ಅವನು ಚಹಾಕ್ಕೂ ನಿಲ್ಲಲಿಲ್ಲ. ಮಗಳು ಊರ ಅಗಸಿಬಾಗಿಲ ತನಕ ಬಂದಳು. ಚಮಕಾ ನೂಲು ಬೇಡವೆಂದು ಇವತ್ತೇ ದಲ್ಲಾಳಿಗೆ ಹೇಳುತ್ತೇನೆ, ಬರುವ ಪಂಚಮಿಗೆ ಖರೇ ರೇಷ್ಮೆಯ ಸೆರಗು ಉಡಿಸುತ್ತೇನೆ ಎಂದು ಹೇಳಿ ಹೊರಟವನು ಮತ್ತೆ ತಿರುಗಿ ಬಂದ.

"ಅದೂ ಹರಿದ್ರ ಹೇಳತಿ ಇಲ್ಲೋ?"

ಇಂದ್ರವ್ವ ಕಣ್ಣೊರೆಸಿಕೊಂಡು ನಕ್ಕಳು.

"ಹೇಳೂದಿಲ್ಲಪ್ಪಾ. ಹರೀದಂಗ ನೇಯಿಸು."