ಒಂದೇ ಮನೆಯ ಮತ

"ಇನ್ನೊಂದ್ಸಲ ಯಾರಾದ್ರೂ ಈ ಡಬ್ಬಿ ಮುಟ್ಟಿದ್ರೆ ನೋಡಿ ಮತ್ತೆ!" ಎನ್ನುತ್ತ ಕಂಡಕ್ಟರರ ಹೆಂಡತಿ ಮೀನಿನ ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಇಳಿಬಿಟ್ಟು, ತೇಲುತ್ತಿದ್ದ ತಿಂಡಿಯನ್ನು ಪುಟ್ಟ ಬಲೆಯಿಂದ ಬಾಚಿ ತೆಗೆಯುತ್ತಿದ್ದಳು. ಬೆಳಗಿನಿಂದ ಬಂದವರೆಲ್ಲ ಮುಂದಿನ ಕೋಣೆಯಲ್ಲಿ ಮಲಗಿಸಿದ್ದ ಕಂಡಕ್ಟರರ ಮುಖ ನೋಡಿ, ಕಣ್ಣೊರೆಸಿಕೊಂಡು, ಆಮೇಲೆ ಎಲ್ಲಿ ನಿಲ್ಲುವುದೆಂದು ತೋಚದೆ ತೊಟ್ಟಿಯ ಹತ್ತಿರ ಹೋಗಿದ್ದರು. 'ಪಾಪ, ಇವಕ್ಕೆ ಯಾರು ಹಾಕಿದರೋ' ಎಂದು ಪ್ರತಿಯೊಬ್ಬರೂ ಒಂದೊಂದು ಚಿಟಿಕೆ ಹಾಕಿದ್ದರು. ಮೀನುಗಳು ಹೊಟ್ಟೆ ಬಿರಿಯುವಷ್ಟು ತಿಂದು ಮೂಲೆ ಹಿಡಿದಿದ್ದವು. ಉಳಿದದ್ದು ನೀರಲ್ಲಿ ಕೊಳೆಯಲು ಶುರುವಾಗಿತ್ತು.

"ಹೋಗ್ಲಿ ಬಿಡಿ ಅತ್ತಿಗೆ, ಪ್ರೀತಿಯಿಂದ ಹಾಕಿದಾರೆ" ಎಂದ ಡ್ರೈವರ್. ಕಂಡಕ್ಟರರ ಜೊತೆ ಒಂದೇ ಬಸ್ಸಿನಲ್ಲಿ ಅರ್ಧ ಆಯಸ್ಸು ಕಳೆದವನು.

"ಪ್ರೀತಿಯಿಂದ ಹಾಕಿದ್ರೆ ನೀರು ಕೆಡಲ್ವಾ?"

ಆಕೆಗೆ ಬೆಳಗಿನಿಂದ ಸಿಟ್ಟೇ ಬರುತ್ತಿತ್ತು, ಅಳು ಬರುತ್ತಿರಲಿಲ್ಲ. ನಿನ್ನೆ ಊಟ ಮುಗಿಸಿ ಕುರ್ಚಿಯಲ್ಲಿ ಒರಗಿದವರು ಹಾಗೇ ಹೋಗಿಬಿಟ್ಟಿದ್ದರು. ಒಂದು ಮಾತಿಲ್ಲ, ಕತೆಯಿಲ್ಲ. ಹೆಣ ಒಯ್ಯುವ ಗಾಡಿ ಈಗ ಬರುತ್ತೆ, ಆಗ ಬರುತ್ತೆ ಎಂದು ಹೇಳಿ ಮಧ್ಯಾಹ್ನ ಮಾಡಿದ್ದರು. ಇದರ ನಡುವೆ ಪಕ್ಕದ ಮನೆಯಾಕೆ ಹತ್ತಿರ ಸರಿದು ಕಿವಿಯಲ್ಲಿ ಕೇಳಿದಳು:

"ಅಲ್ರೀ, ಆ ಸೈಟ್ ಗಲಾಟೆ ಏನಾಯ್ತು? ಐದು ಜನ ಸೇರ್ಕೊಂಡು ಕಾಟ ಕೊಡ್ತಾರೆ ಅಂತ ಯಾವಾಗ್ಲೂ ಹೇಳೋರು. ಕಾಗದಪತ್ರ ಎಲ್ಲ ನಿಮ್ಮ ಹೆಸರಿಗೇ ಇದೆ ತಾನೇ?"

"ಅದು ಮನೆ ಕಟ್ಟೋ ಸೈಟಲ್ಲ ಕಣ್ರೀ. ಫೋನಲ್ಲಿರೋ ಸೈಟು."

"ಫೋನಲ್ಲೇ ಮಾರಿಬಿಟ್ರಾ?"

ಡ್ರೈವರ್ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹೊರಗೆ ಹೋದ. ನಗುತ್ತಿದ್ದನೋ ಅಳುತ್ತಿದ್ದನೋ, ಬೆನ್ನು ಮಾತ್ರ ಕುಲುಕುತ್ತಿತ್ತು.

ಕಂಡಕ್ಟರರ ಸೈಟೆಂದರೆ ಮೀನು ಸಾಕುವವರ ಪ್ರಶ್ನೋತ್ತರದ ಜಾಗ. ಒಬ್ಬರು ಕಷ್ಟ ಹೇಳಿಕೊಳ್ಳುತ್ತಾರೆ, ಬಲ್ಲವರು ಉತ್ತರ ಬರೆಯುತ್ತಾರೆ, ಓದಿದವರು ಮತ ಹಾಕುತ್ತಾರೆ. ಮೇಲ್ಬಾಣ ಒತ್ತಿದರೆ ಉತ್ತರ ಮೇಲಕ್ಕೇರುತ್ತದೆ, ಕೆಳಬಾಣ ಒತ್ತಿದರೆ ತಳ ಸೇರುತ್ತದೆ. ನಿವೃತ್ತಿಯ ಮರುದಿನದಿಂದ ಕಂಡಕ್ಟರ್ ಅಲ್ಲೇ ಬಿಡಾರ ಹೂಡಿದ್ದರು. ಅಲ್ಲಿಯೂ ಅವರ ಹೆಸರು 'ಕಂಡಕ್ಟರ್' ಎಂದೇ. ಬಸ್ಸಿನಲ್ಲಿ ಸ್ವಂತ ಅತ್ತೆಗೂ ಬಿಡದೆ ಟಿಕೆಟ್ ಹರಿದ ಮನುಷ್ಯ ಅಲ್ಲಿಯೂ ಯಾರ ಮುಲಾಜಿಗೂ ಬಿದ್ದವರಲ್ಲ. ಬಾಯಿಯೂ ಅಷ್ಟೇ ಖಾರ. ಅವರ ಉತ್ತರಗಳಲ್ಲಿ ಅರ್ಧ ಸಲಹೆ ಇದ್ದರೆ ಇನ್ನರ್ಧ ಬೈಗುಳ.

ಅಲ್ಲಿ 'ಬೆಳ್ಳಿಮೀನು' ಎಂಬ ಹೆಸರಿನವಳೊಬ್ಬಳಿದ್ದಳು, ಅವಳ ಜೊತೆಗೆ ಇನ್ನು ನಾಲ್ವರು. ಒಬ್ಬರು ಬರೆದರೆ ಉಳಿದ ನಾಲ್ವರು ಮೇಲ್ಬಾಣ, ಕಂಡಕ್ಟರ್ ಬರೆದರೆ ಐವರೂ ಕೆಳಬಾಣ. ಮನೆಯಲ್ಲಿ ಅವರ ಹೆಸರು 'ಆ ಐದು ಜನ'. ಊಟದ ಹೊತ್ತಿಗೆ, ಮಲಗುವ ಹೊತ್ತಿಗೆ, ನೆಂಟರ ಮದುವೆಯಲ್ಲಿ ಕೂಡ ಆ ಐದು ಜನ ಜೊತೆಗಿರುತ್ತಿದ್ದರು.

* * *

ಹೊಸ ತೊಟ್ಟಿ ತಂದವನೊಬ್ಬ ಒಮ್ಮೆ ಕೇಳಿದ್ದ: ನೀರು ಹಾಲಿನಂತೆ ಬೆಳ್ಳಗಾಗಿದೆ, ಏನು ಮಾಡಲಿ? ಕಂಡಕ್ಟರ್ ಬರೆದರು: "ಏನೂ ಮಾಡಬೇಡಿ. ಕೈಕಟ್ಟಿ ಕೂತ್ಕೊಳ್ಳಿ, ತಾನಾಗಿ ತಿಳಿಯಾಗುತ್ತೆ. ಅಷ್ಟು ತಾಳ್ಮೆ ಇಲ್ಲದವರು ಮೀನು ಯಾಕೆ ತರ್ತೀರಿ?" ಬೆಳ್ಳಿಮೀನು ಬರೆದಳು: ನೀರೆಲ್ಲ ಚೆಲ್ಲಿ, ಹೊಸ ನೀರು ತುಂಬಿಸಿ, ಇಂಥ ಔಷಧಿ ಹಾಕಿ, ಗಾಬರಿಯಾಗಬೇಡಿ ಸ್ನೇಹಿತರೇ. ಜೊತೆಗೆ ಚಿತ್ರಗಳು.

"ಚಹಾ ಆರೋದ್ರೊಳಗೆ ಐದೂ ಕೆಳಬಾಣ ಬಿತ್ತು ನೋಡೆ!" ಎಂದು ಕಂಡಕ್ಟರ್ ಹೆಂಡತಿಯ ಮುಖಕ್ಕೆ ಫೋನು ಹಿಡಿದರು. "ಸರಿ ಯಾವುದು, ತಪ್ಪು ಯಾವುದು ಅಂತ ಯಾರಿಗೂ ಬೇಡ. ಯಾರು ಯಾರ ಕಡೆಯೋರು ಅಷ್ಟೇ."

ಆ ರಾತ್ರಿ ಅವರು ಸರಿಯಾಗಿ ಉಣ್ಣಲಿಲ್ಲ. ಮರುದಿನ ಆಕೆ ಮಗಳ ಫೋನು ಇಸಿದುಕೊಂಡು, ಹೊಸ ಹೆಸರಿನಲ್ಲಿ ಒಳಹೊಕ್ಕು, ಆ ಉತ್ತರಕ್ಕೊಂದು ಮೇಲ್ಬಾಣ ಒತ್ತಿದಳು. ಸಂಜೆಯ ಹೊತ್ತಿಗೆ ಕಂಡಕ್ಟರರ ಮುಖ ನೋಡಬೇಕಿತ್ತು! "ಯಾರೋ ಒಬ್ಬರು ಓದಿದಾರೆ ಕಣೆ" ಎಂದು ಸಿಳ್ಳೆ ಹಾಕಿಕೊಂಡು ಓಡಾಡಿದರು. ಆ ಖುಷಿ ನೋಡಿ ಆಕೆಗೆ ಬಾಯಿ ಮುಚ್ಚಿಕೊಂಡಿರಲಾಗಲಿಲ್ಲ.

"ನಾನೇ ಹಾಕಿದ್ದು."

ಸಿಳ್ಳೆ ನಿಂತಿತು. "ಓದಿದ್ಯಾ?"

"ನಂಗೇನು ಗೊತ್ತಾಗುತ್ತೆ ಮೀನಿನ ವಿಷ್ಯ? ನೀವು ಬರೆದಿದ್ದು ಅಂತ ಹಾಕ್ದೆ."

"ಅವರೂ ಹಂಗೇ ತಾನೇ ಹಾಕೋದು?"

ತಾವೇ ಪಕ್ಕದಲ್ಲಿ ನಿಂತು ಆ ಮತ ತೆಗೆಸಿದರು. ಎರಡು ದಿನ ಮಾತಿಲ್ಲ. ಗಂಡನಿಗೆ ಒಳ್ಳೆಯದು ಮಾಡಹೋಗಿ ಕಳ್ಳಿಯ ಹಾಗೆ ನಿಲ್ಲಬೇಕಾಯಿತಲ್ಲ ಎಂದು ಆಕೆಗೆ ಇನ್ನಿಲ್ಲದ ಅವಮಾನವಾಯಿತು. ಅಂದಿನಿಂದ ಆ ಸೈಟಿನ ಮಾತು ಬಂದರೆ ಆಕೆ ಎದ್ದು ಒಳಗೆ ಹೋಗುತ್ತಿದ್ದಳು. ಹೋದ ವರ್ಷ ಅವರು ಸಿಹಿ ತಂದು "ಕೊನೆಗೂ ಒಪ್ಪಿಕೊಂಡ್ರು!" ಎಂದು ಕುಣಿದಾಗಲೂ, ಯಾರು, ಏನನ್ನು ಒಪ್ಪಿಕೊಂಡರೆಂದು ಕೇಳಲಿಲ್ಲ. ಸಿಹಿ ಮಾತ್ರ ತಿಂದಳು.

* * *

ಗಾಡಿಗೆ ಕಾಯುತ್ತ ಕಾಯುತ್ತ ಅಳಿಯ ಫೋನು ಹಿಡಿದು ಬಂದ. "ಅತ್ತೆ, ಇಲ್ನೋಡಿ. ಮಾವ ಹೋದ ಸುದ್ದಿ, ಮನೆ ವಿಳಾಸ ಸೈಟಲ್ಲಿ ಹಾಕಿದ್ವಲ್ಲ, ಬೆಳ್ಳಿಮೀನು ಏನೋ ಬರೆದಿದಾಳೆ."

ನಮ್ಮೆಲ್ಲರ ಪ್ರೀತಿಯ ಕಂಡಕ್ಟರ್ ಸರ್ ಇನ್ನಿಲ್ಲ ಎಂದು ಶುರುವಾಗಿ, ಅವರು ನಮಗೆ ತಂದೆಯಂತಿದ್ದರು ಎಂದು ಮುಗಿದಿತ್ತು. ಕೆಳಗೆ ಮೇಲ್ಬಾಣಗಳು ನೂರಾರು. ಎಲ್ಲ ಅವಳಿಗೇ.

"ಅವರ ಸಾವಿಗೂ ಮತ ಇವಳಿಗೇ ಬೀಳ್ಬೇಕಾ?" ಆಕೆ ಫೋನನ್ನು ಹತ್ತಿರಕ್ಕೆಳೆದಳು. "ಅವರ ಆ ಬಿಳಿ ನೀರಿನ ಉತ್ತರ ಎಲ್ಲಿದೆ?"

ಅಳಿಯ ಬೆರಳಾಡಿಸಿ ಹುಡುಕಿದ. ಅದು ತಳದಲ್ಲಿತ್ತು.

"ನಾವು ಇಷ್ಟು ಜನ ಇದೀವಲ್ಲ ಅತ್ತೆ. ಒಬ್ಬೊಬ್ರು ಒಂದೊಂದು ಹಾಕಿದ್ರೂ ಎದ್ದು ಮೇಲೆ ಬರುತ್ತೆ. ಹಾಕಿಸ್ಲಾ?"

"ಬೇಡಮ್ಮ, ಅಪ್ಪಂಗೆ ಇಷ್ಟ ಆಗಲ್ಲ" ಎಂದಳು ಮಗಳು.

ಬೇಡವೆನ್ನಬೇಕೆಂದು ಆಕೆಗೂ ಗೊತ್ತಿತ್ತು. ಆದರೆ ಮುಂದಿನ ಕೋಣೆಯಲ್ಲಿ ಆ ಮನುಷ್ಯ ಬಾಯಿ ಮುಚ್ಚಿ ಮಲಗಿದ್ದರು, ಇಷ್ಟು ವರ್ಷ ತೆರೆದ ಬಾಯಿ.

"ಹಾಕ್ಲಿ! ಎಲ್ರೂ ಹಾಕ್ಲಿ. ಎಲ್ಲಾ ಉತ್ತರಕ್ಕೂ ಹಾಕ್ಲಿ. ಇವರಿಗೂ ಮನೆಮಂದಿ ಅಂತ ಇದಾರೆ ಅಂತ ಗೊತ್ತಾಗ್ಲಿ ಆ ಐವರಿಗೆ."

ಮನೆಗೆ ಒಮ್ಮೆಲೇ ಕಳೆ ಬಂತು. ಬೆಳಗಿನಿಂದ ಕೈ ಎಲ್ಲಿಡಬೇಕೆಂದು ತಿಳಿಯದವರಿಗೆ ಕೆಲಸ ಸಿಕ್ಕಿತು. ಅಳಿಯ ಮನೆಯ ವೈಫೈ ಪಾಸ್‌ವರ್ಡ್ ಕೂಗಿ ಹೇಳಿದ. ಪಕ್ಕದ ಮನೆಯಾಕೆ "ಯಾವ್ದು ಒತ್ಲಿ, ಹಸಿರಾ?" ಎಂದು ಕೇಳುತ್ತಿದ್ದಳು. ಬಸ್ ಡಿಪೋದಿಂದ ಬಂದ ಹಳೆಯ ಸಹೋದ್ಯೋಗಿಗಳು ಹೆಣದ ಸುತ್ತ ಕುರ್ಚಿ ಹಾಕಿಕೊಂಡು ಒತ್ತಿದರು. ಡ್ರೈವರ್ ಕನ್ನಡಕ ಮರೆತು ಬಂದಿದ್ದ. ಅವನೂ ಒತ್ತಿದ. ಬಿಳಿ ನೀರಿನ ಉತ್ತರ ತಳದಿಂದೆದ್ದು ಬೆಳ್ಳಿಮೀನನ್ನು ದಾಟಿ ಮೇಲೆ ನಿಂತಾಗ ಯಾರೋ ಚಪ್ಪಾಳೆ ತಟ್ಟಿ, ನಾಚಿ ನಿಲ್ಲಿಸಿದರು. ಆಕೆ ಗಂಡನ ಮುಖ ನೋಡಲಿಲ್ಲ.

ಅಷ್ಟರಲ್ಲಿ ಗಾಡಿ ಬಂತು. ಚಿತಾಗಾರದಲ್ಲಿ ಎಲ್ಲ ಬೇಗ ಮುಗಿಯಿತು. ಕಬ್ಬಿಣದ ಬಾಗಿಲು ಮುಚ್ಚಿದ ಮೇಲೆ "ಇನ್ನು ಹೊರಡಿ" ಎಂದರು. ಅಷ್ಟೇ.

* * *

ವಾಪಸು ಬರುವ ದಾರಿಯಲ್ಲಿ ಅಳಿಯನ ಮುಖ ಬಿಳುಚಿತ್ತು. ಮನೆ ಸೇರಿ ಎಲ್ಲರೂ ಚಹಾದ ಲೋಟ ಹಿಡಿದ ಮೇಲೆ ಬಾಯಿಬಿಟ್ಟ.

"ಅತ್ತೆ, ಸೈಟಿನವರು ಮಾವನ ಖಾತೆ ಮುಚ್ಚಿಬಿಟ್ಟಿದಾರೆ."

"ಮುಚ್ಚಿದ್ರೆ ಏನಾಯ್ತು, ಅವರೇ ಹೋದ್ರಲ್ಲ."

"ಹಂಗಲ್ಲ. ಅವರು ಬರೆದಿದ್ದೆಲ್ಲ ಮರೆಯಾಗಿದೆ. ಒಂದೂ ಕಾಣಿಸ್ತಿಲ್ಲ." ಅವನು ತೊದಲುತ್ತ ಓದಿದ: "'ಒಂದೇ ಮನೆಯಿಂದ, ಒಂದೇ ಹೊತ್ತಿನಲ್ಲಿ, ಒಬ್ಬರಿಗೇ ಬಿದ್ದ ಮತ ಮತವಲ್ಲ. ಅಂಥ ಖಾತೆಯನ್ನು ಮುಚ್ಚತಕ್ಕದ್ದು. ಈ ನಿಯಮವನ್ನು ಸೂಚಿಸಿದವರು...'"

"ಯಾರು? ಓದಿ."

"'...ಕಂಡಕ್ಟರ್.'"

ಹೋದ ವರ್ಷದ ಸಿಹಿ ಯಾವುದಕ್ಕೆಂದು ಆಕೆಗೆ ಈಗ ಗೊತ್ತಾಯಿತು. ಬೆಳ್ಳಿಮೀನಿನ ಬಳಗ ಒಂದೇ ಮನೆಯದೆಂದುಕೊಂಡು, ಅವರನ್ನು ಹಿಡಿಯಲು ಮನುಷ್ಯ ವರ್ಷಗಟ್ಟಲೆ ಅರ್ಜಿ ಬರೆದು ಮಾಡಿಸಿದ ನಿಯಮ. ಆ ಐದು ಜನ ಐದು ಮನೆಯಲ್ಲಿರುವವರು, ಅವರ ಕೂದಲೂ ಕೊಂಕಲಿಲ್ಲ. ಎಲ್ಲರೂ ಒಂದೇ ವೈಫೈನಲ್ಲಿ ಒತ್ತಿದ್ದರಿಂದ ಸಿಕ್ಕಿಬಿದ್ದದ್ದು ಇವರೇ. ಸಿಕ್ಕಿಸಿದ್ದು ತಾನೇ. ಆ ಮುಖವನ್ನು ಇನ್ನೆಲ್ಲಿ ನೋಡುವುದು? ಉಳಿದದ್ದೆಂದರೆ ಆ ಬೈಗುಳ ತುಂಬಿದ ಮಾತುಗಳು, ಅವನ್ನೂ ಕಳೆದೆನಲ್ಲ ಎಂದು ಆಕೆಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಅಳಿಯ ಸೈಟಿನವರಿಗೆ ಬರೆದು ಬೇಡಿಕೊಂಡ. ಕ್ಷಣದಲ್ಲಿ ಉತ್ತರ ಬಂತು: ಖಾತೆಯವರು ಸ್ವತಃ ಬಂದು ವಿವರಣೆ ಕೊಡಬೇಕು. ಸತ್ತಿದ್ದಾರೆ ಎಂದು ಬರೆದ. ಮತ್ತೆ ಅದೇ ಉತ್ತರ.

"ಸ್ವತಃ ಬರ್ಬೇಕಂತೆ! ಈಗ ತಾನೇ ಕಳಿಸಿ ಬಂದ್ವಲ್ಲೋ!" ಎಂದು ಡ್ರೈವರ್ ಲೋಟ ಕುಕ್ಕಿದ.

ಕತ್ತಲಾಗುವ ಮೊದಲು ಹೂವಿನ ಕಟ್ಟು ಹಿಡಿದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು. ನಲವತ್ತರ ಆಸುಪಾಸು, ಆಸ್ಪತ್ರೆಯ ನರ್ಸಿನ ಉಡುಪು, ಕೆಲಸದಿಂದ ನೇರ ಬಂದವಳು.

"ನಾನು... ಸೈಟಲ್ಲಿ ಬೆಳ್ಳಿಮೀನು ಅಂತಾರೆ."

ಮಗಳು ದುರುಗುಟ್ಟಿದಳು. ಆಕೆ ಮಾತ್ರ "ಕೂತ್ಕೊಳ್ಳಿ" ಎಂದಳು. ಅಷ್ಟು ವರ್ಷ ಮನೆಯ ಮಾತಿನಲ್ಲಿ ಓಡಾಡಿದ ಶತ್ರು ದಿನವಿಡೀ ನಿಂತು ಕೆಲಸ ಮಾಡಿದ ಕಾಲುನೋವಿಗೆ ಕುಂಟುತ್ತಿದ್ದಳು. ಬೈಯುವುದಾದರೂ ಹೇಗೆ?

"ಖಾತೆ ವಿಷಯ ನೋಡ್ದೆ ಆಂಟಿ. ಬೇಜಾರಾಯ್ತು. ಹಿರಿಯ ಸದಸ್ಯರಿಗೆ ಮುಚ್ಚಿದ್ದೂ ಕಾಣುತ್ತೆ, ಅವರಲ್ಲಿ ಐದು ಜನ 'ಮರಳಿಸಿ' ಅಂತ ಒತ್ತಿದ್ರೆ ಖಾತೆ ವಾಪಸ್ ಬರುತ್ತೆ. ನಾವು ಐದು ಜನ ಇದೀವಿ. ಅವರೆಲ್ಲ ಫೋನಲ್ಲೇ ಕಾಯ್ತಿದಾರೆ. ಒಂದು ನಿಮಿಷದ ಕೆಲಸ."

"ಒತ್ತಿಬಿಡಿ ಮೇಡಂ, ಪುಣ್ಯ ಬರುತ್ತೆ" ಎಂದ ಅಳಿಯ.

ಆಕೆ ಕೈ ಅಡ್ಡ ಹಿಡಿದಳು. "ಅವರಿಗೆ ಯಾಕೆ ಯಾವಾಗ್ಲೂ ಕೆಳಗೇ ಒತ್ತಿದ್ರಿ?"

ಬೆಳ್ಳಿಮೀನು ಹೂವಿನ ಕಟ್ಟನ್ನು ತೊಡೆಯ ಮೇಲೆ ತಿರುಗಿಸಿದಳು. "ನಾನು ಮೊದಲ್ನೇ ಸಲ ಬರೆದಾಗ, 'ಮೀನಿಗಿರೋ ಬುದ್ಧಿ ನಿಮಗಿಲ್ಲ' ಅಂದ್ರು. ಅತ್ತಿದ್ದೆ ಅವತ್ತು. ಇವರು ನಾಲ್ವರು ಸಮಾಧಾನ ಮಾಡಿದ್ರು. ಆಮೇಲೆ ಅದೇ ಅಭ್ಯಾಸ ಆಗೋಯ್ತು. ಗುಂಪಲ್ಲಿ ಒಬ್ರು ಹಾಕಿ ಅಂದ್ರೆ ಎಲ್ರೂ ಹಾಕೋದು. ನಿಜ ಹೇಳ್ಬೇಕಂದ್ರೆ ಓದ್ತಾನೂ ಇರ್ಲಿಲ್ಲ."

"ಬೈದಿದ್ದು ತಪ್ಪು. ಬೈತಿದ್ರು, ನನಗೂ." ಆಕೆ ಅಡ್ಡ ಹಿಡಿದ ಕೈ ತೆಗೆದಳು. "ಈಗ ಓದಿ. ಮುಚ್ಚಿದ ಉತ್ತರ ನಿಮಗೆ ಕಾಣುತ್ತೆ ತಾನೇ? ಅವರಿಗೂ ಕೇಳೋ ಹಾಗೆ ಗಟ್ಟಿಯಾಗಿ ಓದಿ. ಆಮೇಲೆ ಒತ್ತಿ."

"ಸಾವಿರಗಟ್ಟಲೆ ಇದೆ ಆಂಟಿ."

"ಎಷ್ಟಾಗುತ್ತೋ ಅಷ್ಟು."

ಬೆಳ್ಳಿಮೀನು ಆ ನಾಲ್ವರು ಕಾಯುತ್ತಿದ್ದ ತನ್ನ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು, ಮಗಳ ಫೋನಿನಿಂದ ತನ್ನ ಖಾತೆ ತೆರೆದು ಓದತೊಡಗಿದಳು. ಮೊದಲನೆಯದಕ್ಕೆ ನಕ್ಕಳು. ಎರಡನೆಯದರ ನಡುವೆ ನಿಂತು, "ಇದು ನನಗೆ ಗೊತ್ತೇ ಇರ್ಲಿಲ್ಲ" ಎಂದಳು. ಅಳಿಯ ಉಸಿರುಬಿಟ್ಟ. ಮೂರನೆಯದಕ್ಕೆ ಅವಳ ಹುಬ್ಬು ಗಂಟಾಯಿತು.

"ಮೀಸೆ ಮೀನಿಗೆ ಹುಷಾರಿಲ್ಲ ಅಂದಿದ್ದಕ್ಕೆ ಕೈ ತುಂಬ ಉಪ್ಪು ಹಾಕಿ ಅಂದಿದಾರೆ. ಇದು ತಪ್ಪು. ಅದು ಉಪ್ಪು ತಡ್ಕೊಳ್ಳಲ್ಲ. ನಂದು ಮೂರು ಹಂಗೇ ಸತ್ತಿವೆ."

"ಅದೊಂದು ಬಿಡಿ ಮೇಡಂ, ಮುಂದಿಂದು ಓದಿ" ಎಂದು ಅಳಿಯ ಮುಂದೆ ಬಾಗಿದ.

"ಬಿಡೋದು ಬೇಡ" ಎಂದಳು ಆಕೆ.

ಬೆಳ್ಳಿಮೀನು ತಲೆಯೆತ್ತಿದಳು. ಕಣ್ಣು ತುಂಬಿತ್ತು. "ಏನ್ಮಾಡ್ಲಿ ಆಂಟಿ? ಮರಳಿಸಿ ಅಂತ ಒತ್ಲಾ, ಬೇಡ್ವಾ? ನೀವು ಹೇಳ್ದಂಗೆ ಮಾಡ್ತೀನಿ."

ಒತ್ತು ಎಂಬ ಮಾತು ಆಕೆಯ ನಾಲಿಗೆಯ ತುದಿಗೆ ಬಂದಿತ್ತು. ಒಂದು ಮಾತಾಡಿದರೆ ಸಾಕು, ಅವರು ಮನೆಗೆ ಬಂದ ಹಾಗೆ. ಆಕೆ ಸೆರಗು ಬಾಯಿಗೊತ್ತಿ ಎದ್ದಳು.

"ನನ್ನ ಕೇಳ್ಬೇಡಿ. ನಾನು ಈ ಮನೆಯವಳು."

ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ದೀಪ ಹಾಕಲಿಲ್ಲ. ಮಂಚದ ಮೇಲೆ ಅವರು ಮಲಗುತ್ತಿದ್ದ ಮಗ್ಗುಲಲ್ಲಿ ಕೂತಾಗ ಬೆಳಗಿನಿಂದ ಬಾರದ ಅಳು ಒಮ್ಮೆಲೇ ಬಂತು. ಹೊರಗೆ ಬೆಳ್ಳಿಮೀನು ಮತ್ತೆ ಓದುತ್ತಿದ್ದಳು, ಅವರ ಮಾತನ್ನೇ, ಬೈಗುಳ ಸಮೇತ. ಫೋನಿನೊಳಗಿಂದ ಗಂಡು ದನಿಯೊಂದು ಉಪ್ಪಿನ ಮಾತು ಸರಿಯೇ ಇದೆ ಎಂದಿತು. ಇನ್ನೊಂದು ದನಿ ಖಂಡಿತ ಇಲ್ಲವೆಂದಿತು. ಯಾವ ಜಾತಿಯ ಮೀನು ಅಂತ ಮೊದಲು ನೋಡ್ರೋ ಎಂದು ಮತ್ತೊಬ್ಬರು ರೇಗಿದರು. ಕತ್ತಲಲ್ಲಿ ಆಕೆ ಮೂಗೊರೆಸಿಕೊಂಡು ಕಿವಿಗೊಟ್ಟು ಕೂತಳು. ಆಚೆ ಐದು ಜನ ಜಗಳವಾಡುತ್ತಿದ್ದರು, ಒಬ್ಬೊಬ್ಬರದು ಒಂದೊಂದು ಮಾತು.