ಅರ್ಧಕ್ಕೆ ನಿಂತ ಬಾಗ್ದಾದ್

ಯತಿರಾಜರ ಕಥೆಯಲ್ಲಿ ಬಾಗ್ದಾದ್ ಎಂದೂ ಬೀಳುತ್ತಿರಲಿಲ್ಲ. ಕಂದು ಕೋಟಿನ ಗುಂಡಿಗಳನ್ನು ಸದಾ ಒಂದು ಕಾಜ ತಪ್ಪಿಸಿ ಹಾಕಿಕೊಂಡು, ಜರ್ಮನಿಯ ಎರ್ಲಾಂಗೆನ್ನಿನ ಮಂಜಿನಲ್ಲಿ ನಿಧಾನಕ್ಕೆ ಸೈಕಲ್ ತುಳಿಯುವ ಈ ಮೈಸೂರಿನ ಇಂಜಿನಿಯರು, ಪಕ್ಕದಲ್ಲಿ ಬರುವವರು ಯಾರೇ ಆಗಲಿ, ಅವರನ್ನು ಟೈಗ್ರಿಸ್ ದಂಡೆಗೆ ಕರೆದೊಯ್ದು, ಗ್ರೀಕರ ಗ್ರಂಥಗಳು ಅರಬ್ಬಿಯಲ್ಲಿ ಮರುಹುಟ್ಟು ಪಡೆದ ಸಂಜೆಗಳನ್ನು, ನಮ್ಮ ನಾಡಿನ ಸೊನ್ನೆ ಆ ನಗರವನ್ನು ಹಾದು ಯುರೋಪಿನ ಅಂಗಡಿ ಲೆಕ್ಕಕ್ಕೆ ಬಂದಿಳಿದ ಸೋಜಿಗವನ್ನು, ಸ್ಪೇನಿನ ಕಾರ್ಡೋಬಾದ ಬೀದಿದೀಪಗಳನ್ನು ತಾವೇ ಕಂಡು ಬಂದವರಂತೆ ವರ್ಣಿಸುತ್ತಿದ್ದರು. ವೈಭವ ನೆತ್ತಿಗೇರಿದ ಹೊತ್ತಿಗೆ ಸರಿಯಾಗಿ ಬ್ರೇಕ್ ಹಿಡಿದು, "ಇರ್ಲಿ ಬಿಡಿ, ಮಿಕ್ಕಿದ್ದು ಇನ್ನೊಂದ್ಸಲ," ಎನ್ನುವರು. ಆ ಇನ್ನೊಂದು ಸಲ ಬಂದದ್ದೇ ಇಲ್ಲ.

ಕಾರಣ ಒಂದು ಹಳೆಯ ನೋವು. ಎರ್ಲಾಂಗೆನ್ನಿಗೆ ಬಂದ ಹೊಸದರಲ್ಲಿ, ವಿಶ್ವವಿದ್ಯಾಲಯದ ಸಂಜೆಯ ಉಪನ್ಯಾಸಕ್ಕೆ, ಇಸ್ಲಾಮಿಕ್ ನಾಗರಿಕತೆಯ ಏಳುಬೀಳುಗಳ ಬಗ್ಗೆ ಮಾತಾಡಲು ಅವರನ್ನು ಕರೆದಿದ್ದರು. ಏಳಿಗೆಯನ್ನು ಮನದುಂಬಿ ಹೇಳಿ, ನೀರು ಕುಡಿಯಲೆಂದು ಒಂದು ಗಳಿಗೆ ನಿಂತರು, ಅಷ್ಟೆ. ಸಭೆಗೆ ಸಭೆಯೇ ಮೇಜು ಕುಟ್ಟತೊಡಗಿತು. ಬೇಜಾರು ಹಿಡಿಸಿದ ಮೇಷ್ಟರನ್ನು ಓಡಿಸಲು ಮೈಸೂರಿನ ಕಾಲೇಜಿನಲ್ಲಿ ಖುದ್ದು ಮೇಜು ಕುಟ್ಟಿದ್ದ ಮಹಾನುಭಾವರಿಗೆ ಅದರಲ್ಲಿ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ? ಕೋಟು ಎತ್ತಿಕೊಂಡು ಹೊರಟೇಬಿಟ್ಟರು. ಪಾಪ, ಬಹಳ ನೊಂದರು. ಸಭೆಗಳ ಸಹವಾಸವನ್ನೇ ಬಿಟ್ಟರು. ಸೈಕಲ್ ಮೇಲಿನ ಕಥೆ ಕೂಡ ಆ ಜಾಗಕ್ಕೆ ಬಂದೊಡನೆ ಕಿವಿಯಲ್ಲಿ ಟಕಟಕ ಸದ್ದೆದ್ದು ನಿಂತುಹೋಗುತ್ತಿತ್ತು.

ಇಷ್ಟು ವರ್ಷ ಕಳೆದು, ಮಗಳು ಸ್ಮಿತಾ ಅದೇ ವಿಶ್ವವಿದ್ಯಾಲಯದಲ್ಲಿ ತನ್ನ ಸಂಶೋಧನೆಯ ಭಾಷಣ ಮುಗಿಸಿದಾಗಲೂ ಸಭೆ ಮೇಜು ಕುಟ್ಟಿತು. ಯತಿರಾಜರ ಮುಖ ಬಿಳಿಚಿಕೊಂಡಿತು. "ಯಾಕಮ್ಮಾ, ಹಿಂಗೆ ಅವಮಾನ ಮಾಡ್ತಾರೆ?"

"ಅಪ್ಪಾ, ದಟ್ಸ್ ಅಪ್ಲಾಸ್. ಇಲ್ಲಿ ಯೂನಿವರ್ಸಿಟೀಲಿ ಚಪ್ಪಾಳೆ ಬದ್ಲು ಇದೇ."

ಅರ್ಧಕ್ಕೆ ಬಿಟ್ಟದ್ದನ್ನು ಅದೇ ಸಭಾಂಗಣದಲ್ಲಿ ಮುಗಿಸದಿದ್ದರೆ ತಮಗೆ ನೆಮ್ಮದಿಯಿಲ್ಲವೆಂದು ಯತಿರಾಜರು ತಾವೇ ಹೋಗಿ ವಿಶ್ವವಿದ್ಯಾಲಯದವರನ್ನು ಕೇಳಿಕೊಂಡರು.

ಆ ಸಂಜೆ ಬಾಗ್ದಾದ್ ಕೊನೆಗೂ ಬಿತ್ತು. ಮಂಗೋಲರ ಬೆಂಕಿ, ಅರಸರ ಒಳಜಗಳ, ಕಡಲ ದಾರಿ ಹಿಡಿದ ವ್ಯಾಪಾರ, ಪ್ರಶ್ನೆ ಕೇಳುವವರಿಗೆ ಮೆಲ್ಲಗೆ ತಪ್ಪಿದ ಆಸರೆ, ಅಷ್ಟಾದರೂ ದೂರದ ಸಮರ್ಕಂದದಲ್ಲಿ ನಕ್ಷತ್ರ ಅಳೆಯುತ್ತ ಕುಳಿತವರು: ಎಲ್ಲವನ್ನೂ ಕನಸಿನಲ್ಲಿ ನಡೆಯುವವರಂತೆ ಹೇಳಿ ಮುಗಿಸಿದರು. ಯಾರೂ ಮೇಜು ಕುಟ್ಟಲಿಲ್ಲ. ಯತಿರಾಜರು ಕೋಟಿಗೆ ಕೈ ಚಾಚಿದರು.

ಮುಂದಿನ ಸಾಲಿನಿಂದ ನರೆಗೂದಲಿನ ಜರ್ಮನ್ ಹೆಂಗಸೊಬ್ಬರು ಎದ್ದು ಬಂದು ಅವರ ಕೈ ಹಿಡಿದುಕೊಂಡರು. "ಅವತ್ತೂ ನಾನು ಇಲ್ಲೇ ಇದ್ದೆ. ನೀವು ವಾಪಸ್ ಬರುತ್ತೀರಿ ಅಂತ ನಾವೆಲ್ಲ ತುಂಬ ಹೊತ್ತು ಕಾದೆವು. ಈ ಸಲ ನಿಮ್ಮ ಮಾತು ಮುಗಿದದ್ದು ಖಾತ್ರಿಯಾಗಲಿ ಅಂತ ಸುಮ್ಮನಿದ್ದೆವು," ಎಂದರು. ಆಮೇಲೆ ಸಭೆ ಮೇಜು ಕುಟ್ಟಿತು, ಯತಿರಾಜರು ಕಣ್ಣೊರೆಸಿಕೊಂಡರು.

ಮನಸ್ಸು ಮೆತ್ತಗಿರುವ ಮಾತುಗಾರರ ಕುಲವೇ ಇಂಥದು. ಸಾಮ್ರಾಜ್ಯಗಳು ಏಕೆ ಬಿದ್ದವೆಂದು ಅವರು ಜಗತ್ತಿಗೆಲ್ಲ ಬಿಡಿಸಿ ಹೇಳಬಲ್ಲರು. ತಮ್ಮನ್ನು ಮೆಚ್ಚಿದವರ ಸದ್ದನ್ನು ಮಾತ್ರ ಗುರುತಿಸಲಾರರು, ಅರ್ಧದಲ್ಲೇ ಎದ್ದು ಹೋಗುತ್ತಾರೆ, ಹಿಂದೆ ಕಾದು ಕುಳಿತವರನ್ನು ತಿರುಗಿಯೂ ನೋಡದೆ.