ಗುಡ್ಡಪ್ಪ ಬರೆದ ಕಾರ್ಡು

ಶಿವಮೂರ್ತಪ್ಪ ಮೇಷ್ಟ್ರು ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು. ಆದರೂ ಅಂಗಿಯ ಜೇಬಿನಲ್ಲಿ ಕೆಂಪು ಮಸಿಯ ಪೆನ್ನು ಹಾಗೇ ಇತ್ತು. ದಾವಣಗೆರೆಯ ಪಿ.ಜೆ. ಬಡಾವಣೆಯ ಅವರ ಮನೆಗೆ ಬಂದ ಯಾವ ಕಾಗದವೂ ತಿದ್ದಿಸಿಕೊಳ್ಳದೆ ಉಳಿಯುತ್ತಿರಲಿಲ್ಲ. ಲಗ್ನಪತ್ರಿಕೆ ಬಂದರೆ ಮುಹೂರ್ತ ನೋಡುವ ಮೊದಲು ಕಾಗುಣಿತ ನೋಡುತ್ತಿದ್ದರು. ಪೇಟೆಯ ಹೋಟೆಲೊಂದರ ಬೋರ್ಡಿನಲ್ಲಿ ‘ಉಪಹಾರ’ ಎಂದಿದ್ದದ್ದನ್ನು ‘ಉಪಾಹಾರ’ ಎಂದು ಬರೆಸುವ ತನಕ ಅಲ್ಲಿಯ ಕಾಫಿ ಮುಟ್ಟಲಿಲ್ಲ. ಗಂಡನ ಮನೆಯಿಂದ ಮಗಳು ಬರೆದ ಕಾಗದವನ್ನು ತಿದ್ದಿ, ಕೆಳಗೆ ‘ಹನ್ನೊಂದು ತಪ್ಪು’ ಎಂದು ಬರೆದು ಅವಳಿಗೇ ವಾಪಸು ಕಳಿಸಿದ್ದರು. ಆಮೇಲೆ ಅವಳು ಬರೆಯುವುದನ್ನೇ ಬಿಟ್ಟಳು. ಹೆಂಡತಿ ನಾಗರತ್ನಮ್ಮ ಅತ್ತರು. ತಪ್ಪು ತೋರಿಸಿದರೆ ಮುನಿಸಿಕೊಳ್ಳುವವರು ಉದ್ಧಾರವಾಗುವುದಿಲ್ಲ ಎಂದು ಮೇಷ್ಟ್ರು ಪೇಪರು ಬಿಡಿಸಿಕೊಂಡು ಕೂತರು.

ಆ ಮನೆಯಲ್ಲಿ ಪಾತ್ರೆ ತೊಳೆದು ಬಟ್ಟೆ ಒಗೆಯುತ್ತಿದ್ದವಳು ರಂಗವ್ವ. ಗಂಡ ಉಚ್ಚಂಗೆಪ್ಪ ಹತ್ತಿ ಗಿರಣಿಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ. ಇಬ್ಬರಿಗೂ ಓದು ಬಾರದು. ಅವಳ ತವರು ಹರಿಹರದ ಹತ್ತಿರದ ಸಾರಥಿಯಿಂದ ಬರುವ ಕಾಗದಗಳು ಮೇಷ್ಟ್ರ ವಿಳಾಸಕ್ಕೇ ಬರುತ್ತಿದ್ದವು. ಓದಿ ಹೇಳುವವರೂ ಅವರೇ.

ಸಾರಥಿಯಲ್ಲಿ ಒಂದೇ ಅಂಗಳದ ಎರಡು ಮನೆಗಳಲ್ಲಿ ರಂಗವ್ವನ ತಾಯಿ ಹಂಪವ್ವ, ದೊಡ್ಡವ್ವ ತಿಮ್ಮವ್ವ ಇಬ್ಬರೂ ಇದ್ದರು. ಮೂರು ವರ್ಷದ ಹಿಂದೆ ರಂಗವ್ವನ ಬಸಿರು ಏಳನೇ ತಿಂಗಳಲ್ಲಿ ಇಳಿದುಹೋದಾಗ, ತಿಮ್ಮವ್ವ ಸೇದುವ ಬಾವಿಯ ಹತ್ತಿರ ನಾಲ್ಕು ಜನರ ಮುಂದೆ, “ಹೊಟ್ಟೇಲಿದ್ದುದನ್ನ ಉಳಿಸಿಕೊಳ್ಳಾಕೆ ಬರದಾಕಿ” ಅಂದಿದ್ದಳು. ಅಂದಿನಿಂದ ರಂಗವ್ವ ಆ ಅಂಗಳ ತುಳಿದಿರಲಿಲ್ಲ. ತಾಯಿ, ಮಗಳು ಹರಿಹರದ ಸಂತೆಯಲ್ಲಿ ಭೇಟಿಯಾಗುತ್ತಿದ್ದರು. ಹಂಪವ್ವ ಗಂಟು ಬಿಚ್ಚಿ ರೊಟ್ಟಿ ಕೊಡುತ್ತಿದ್ದಳು. ಇಬ್ಬರೂ ಮರದ ನೆರಳಲ್ಲಿ ಕೂತು ತಿಂದು, ತಮ್ಮ ತಮ್ಮ ದಾರಿ ಹಿಡಿಯುತ್ತಿದ್ದರು.

೧೯೫೯ರ ಆಷಾಢದ ಒಂದು ಬೆಳಿಗ್ಗೆ ಆ ಕಾರ್ಡು ಬಂತು. ಬರೆದವನು ಹಂಪವ್ವನ ನೆರೆಮನೆಯ ಗುಡ್ಡಪ್ಪ. ನಲವತ್ತೈದು ದಾಟಿದ ಒಕ್ಕಲಿಗ. ಹಿಂದಿನ ವರ್ಷ ಊರಿನಲ್ಲಿ ವಯಸ್ಕರ ಶಾಲೆ ಶುರುವಾದಾಗ ಎಲ್ಲರಿಗಿಂತ ಮೊದಲು ಹೋಗಿ ಕೂತಿದ್ದ. ಅದು ಅವನು ತನ್ನ ಕೈಯಾರೆ ಬರೆದ ಮೊದಲ ಕಾಗದ. ಪೆನ್ಸಿಲ್ಲಿನ ದಪ್ಪ ಅಕ್ಷರಗಳು ಕಾರ್ಡಿನ ಅಂಚು ದಾಟಿ ಓಡಿದ್ದವು.

ಮೇಷ್ಟ್ರು ಕನ್ನಡಕ ಹಾಕಿಕೊಂಡವರೇ ಪೆನ್ನು ತೆಗೆದರು. ‘ಸಾರತಿ’ಯನ್ನು ‘ಸಾರಥಿ’ ಮಾಡಿದರು. ‘ನಮಸ್ಕರ’ಕ್ಕೆ ದೀರ್ಘ ಕೊಟ್ಟರು. ‘ಬಾಳ’ವನ್ನು ಹೊಡೆದು ‘ಬಹಳ’ ಎಂದು ಬರೆದರು. ಅವರ ಕಣ್ಣು ತಪ್ಪುಗಳ ಮೇಲಿತ್ತು, ಮಾತಿನ ಮೇಲಿರಲಿಲ್ಲ. ‘ಬಾಳ’ದ ಹಿಂದಿನ ಪದದ ಮೊದಲ ಅಕ್ಷರ ‘ನಿ’ಯೂ ಅಲ್ಲ, ‘ತಿ’ಯೂ ಅಲ್ಲ ಎನ್ನುವಂತಿತ್ತು.

“ಊರಲ್ಲಿ ತಿಮ್ಮವ್ವ ಅಂತ ಯಾರಾದ್ರೂ ಇದಾರೇನು?” ಎಂದು ಕೇಳಿದರು.

ರಂಗವ್ವನ ಮುಖ ಗಂಟಾಯಿತು. “ನಮ್ಮ ದೊಡ್ಡವ್ವ ಅದಾಳ್ರಿ.”

“ಹಂಗಾದ್ರೆ ಸರಿ.” ಮೇಷ್ಟ್ರು ಆ ಅಕ್ಷರದ ಮೇಲೆ ಕೆಂಪು ಮಸಿಯಲ್ಲಿ ಸ್ಪಷ್ಟವಾಗಿ ‘ತಿ’ ಎಂದು ತಿದ್ದಿ, ಗಟ್ಟಿಯಾಗಿ ಓದಿದರು: “ತಿಮ್ಮವ್ವ ಬಹಳ ಜಡ್ಡಾಗಿ ಮಲಗಿದ್ದಾಳೆ. ನಿನ್ನ ಹೆಸರೇ ಕರೆಯುತ್ತಾಳೆ. ತಡ ಮಾಡದೆ ಬಾ.”

“ಈಗ ನನ್ನ ಹೆಸರು ನೆನಪಾತೇನು ಆಕಿಗೆ” ಎಂದಳು ರಂಗವ್ವ. ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಲಿಗೆ ಹೋದಳು.

ಪಾಳಿ ಮುಗಿಸಿ ಬಂದ ಉಚ್ಚಂಗೆಪ್ಪ ಸುದ್ದಿ ಕೇಳಿ, “ಸಾಯೋರ ಮ್ಯಾಲೆ ಎಂಥ ಸಿಟ್ಟು? ಒಂದು ಸಲ ಹೋಗಿ ಬಾ. ಒಂಬತ್ತು ಮೈಲಿ ಹರಿಹರ, ಬಸ್ಸೈತೆ” ಎಂದ.

“ಕರೀಲಿ. ನಾನೂ ಅವತ್ತು ಎಷ್ಟು ಅತ್ತೀನಿ, ಯಾರು ಬಂದಿದ್ರು?”

ಮರುದಿನ ಅವನು ಮತ್ತೆ ಹೇಳಿದ. ಅವಳು ಕೊಡ ಎತ್ತಿಕೊಂಡು ನೀರಿಗೆ ಹೋದಳು. ಮೂರು ದಿನ ಹಾಗೇ ಕಳೆದವು.

ಐದನೆಯ ದಿನ ರಂಗವ್ವ ಮೇಷ್ಟ್ರ ಹಿತ್ತಲಲ್ಲಿ ಹಂಡೆ ಬೆಳಗುತ್ತಿದ್ದಾಗ ಗುಡ್ಡಪ್ಪ ಬಂದು ನಿಂತ. ಟವೆಲ್ಲು ಕೈಯಲ್ಲಿತ್ತು. ರಂಗವ್ವ ತಲೆ ಎತ್ತದೆಯೇ, “ದೊಡ್ಡವ್ವ ಹೋದ್ಲೇನು, ಅಣ್ಣ?” ಎಂದಳು.

ಗುಡ್ಡಪ್ಪನಿಗೆ ಮಾತು ತಿಳಿಯಲಿಲ್ಲ. “ದೊಡ್ಡವ್ವ ಎಲ್ಲಿ ಹೋಗ್ತಾಳ? ನಿಮ್ಮವ್ವನ ಬಾಯಿಗೆ ನೀರು ಬಿಟ್ಟಾಕಿನೇ ಆಕಿ. ನಿನ್ನೆ ಸಂಜೆ ಮಣ್ಣು ಮಾಡಿದ್ವಿ. ಕಾರ್ಡು ಹಾಕಿದ್ನಲ್ಲ ತಂಗಿ, ಯಾಕ ಬರಲಿಲ್ಲ?”

ರಂಗವ್ವನ ಕೈ ಹಂಡೆಯೊಳಗೇ ನಿಂತಿತು. ಸೊಂಟದಲ್ಲಿ ಐದು ದಿನದಿಂದ ಮುದುರಿದ್ದ ಕಾರ್ಡನ್ನು ತೆಗೆದು ಅವನ ಮುಂದೆ ಹಿಡಿದಳು. “ತಿಮ್ಮವ್ವ ಅಂತ ಬರೆದಿದ್ದಿ ನೀನು.”

ಗುಡ್ಡಪ್ಪ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ, ಒಂದೊಂದೇ ಅಕ್ಷರ ಓದಿದ. ಆ ಪದದ ಹತ್ತಿರ ಬೆರಳು ನಿಂತಿತು. “ನಾನು ನಿಮ್ಮವ್ವ ಅಂತ ಬರೆದೀನಿ. ಈ ಕೆಂಪು ಅಕ್ಷರ ನಂದಲ್ಲ. ಯಾರು ಬರೆದಿದ್ದು ಇದನ್ನ?”

ಮಾತು ಕೇಳಿ ಮೇಷ್ಟ್ರು ಹಿತ್ತಲ ಬಾಗಿಲಿಗೆ ಬಂದಿದ್ದರು. ಹಿಂದೆ ನಾಗರತ್ನಮ್ಮ ನಿಂತಿದ್ದರು. ಮೇಷ್ಟ್ರು ಕಾರ್ಡು ಇಸಿದುಕೊಂಡು ನೋಡಿದರು. ಕೆಂಪು ಗೆರೆಯ ಕೆಳಗೆ ಪೆನ್ಸಿಲ್ಲಿನ ಸುಳಿ ಈಗ ಅವರಿಗೂ ಕಂಡಿರಬೇಕು. ಕಿವಿ ಕೆಂಪಗಾಯಿತು.

“ನೀನು ಅಕ್ಷರ ನೆಟ್ಟಗೆ ಬರೆದಿದ್ರೆ ಇದೆಲ್ಲ ಯಾಕಾಗ್ತಿತ್ತು?” ಎಂದರು ಗುಡ್ಡಪ್ಪನಿಗೆ. “ನಿ ಯಾವುದು, ತಿ ಯಾವುದು ಗೊತ್ತಾಗದಂಗೆ ಗೀಚಿದೀಯ. ಬರೆಯೋಕೆ ಬರದಿದ್ದ ಮೇಲೆ ಬರೆಯೋರ ಹತ್ರ ಬರೆಸಬೇಕಿತ್ತು.”

ಗುಡ್ಡಪ್ಪ ಕಾರ್ಡನ್ನೂ ಮೇಷ್ಟ್ರನ್ನೂ ನೋಡಿದ. ಒಂದು ಕ್ಷಣ ಏನೋ ಹೇಳಲು ಹೊರಟವನು ತಲೆ ತಗ್ಗಿಸಿದ. “ಇರಬೇಕ್ರಿ. ಓದಿದೋರು ನೀವು. ನಂದೇ ತಪ್ಪಿರಬೇಕು” ಎಂದ.

ನಾಗರತ್ನಮ್ಮ ಗಂಡನ ಕಡೆ ನೋಡಿದರು. ಮೇಷ್ಟ್ರು ಒಳಗೆ ಹೋದರು.

ರಂಗವ್ವ ಅರ್ಧ ಬೆಳಗಿದ ಹಂಡೆಯನ್ನು ಅಲ್ಲೇ ಬಿಟ್ಟು, ಗುಡ್ಡಪ್ಪನ ಹಿಂದೆ ಬಸ್ಸು ಹತ್ತಿದಳು. ಹರಿಹರದಲ್ಲಿ ಇಳಿದು ಸಾರಥಿಗೆ ನಡೆಯುವಾಗ ದಾರಿಯುದ್ದಕ್ಕೂ ಅವನು ಒಂದೇ ಮಾತು ಹೇಳುತ್ತಿದ್ದ: “ನಾನೇ ಬಂದು ಹೇಳಬೇಕಿತ್ತು. ಬರೆಯಾಕೆ ಬರ್ತೈತೆ ಅಂತ ಮೆರೆಯಾಕೆ ಹೋದೆ.” ರಂಗವ್ವ ಬೇಗ ಬೇಗ ಹೆಜ್ಜೆ ಹಾಕಿದಳು.

ಅಂಗಳದಲ್ಲಿ ತಿಮ್ಮವ್ವ ಗೋಡೆಗೆ ಒರಗಿ ಕೂತಿದ್ದಳು. ಮೂರು ವರ್ಷದಲ್ಲಿ ಮುದುಕಿಯಾಗಿದ್ದಳು. ರಂಗವ್ವನಿಗೆ ಬೈಗುಳ ಬೇಕಿತ್ತು. ತಿಮ್ಮವ್ವ ಬೈಯಲಿಲ್ಲ. ಹಂಪವ್ವನ ಮನೆಯ ಕದ ತೆರೆದು, ಬರಿದಾದ ಮೂಲೆಯನ್ನು ತೋರಿಸಿದಳು.

“ನಾಕು ದಿನ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ಲು. ಕಡೆಗೆ ಕಣ್ಣು ಕಾಣದಂಗಾತು. ರಂಗಿ ಬಂದ್ಲೇನು, ರಂಗಿ ಬಂದ್ಲೇನು, ಅದೊಂದೇ. ನನಗೆ ತಡಕೊಳ್ಳಾಕಾಗಲಿಲ್ಲ. ಹತ್ರ ಕೂತು, ಬಂದೀನಿ ಬೇ ಅವ್ವ, ನಾನೇ ರಂಗಿ ಅಂದೆ.”

ರಂಗವ್ವ ಅವಳ ಕಡೆ ತಿರುಗಿದಳು. “ನಂಬಿದ್ಲೇನು?”

“ಕೈ ಹಿಡಕೊಂಡ್ಲು. ದೊಡ್ಡವ್ವನ ಮ್ಯಾಲೆ ಸಿಟ್ಟು ಬಿಡು ಅಂದ್ಲು. ಬಿಟ್ಟೀನಿ ಅಂದೆ.”

ತಿಮ್ಮವ್ವ ಅತ್ತಳು. ರಂಗವ್ವನಿಗೆ ಅಳು ಬರಲಿಲ್ಲ. ತಾನು ಹೇಳಬೇಕಾದ ಮಾತನ್ನು, ಹೇಳಲೊಲ್ಲೆನೆಂದು ಕೂತಿದ್ದ ಮಾತನ್ನು, ತನ್ನ ಹೆಸರಿನಲ್ಲಿ ಇನ್ನೊಬ್ಬಳು ಹೇಳಿಬಿಟ್ಟಿದ್ದಳು. ಕಾರ್ಡಿನಲ್ಲಿ ಏನೇ ಬರೆದಿರಲಿ, ದೊಡ್ಡವ್ವನಿಗಾಗಿಯಾದರೂ ಬಂದಿದ್ದರೆ ತಾಯಿ ಇದೇ ಅಂಗಳದಲ್ಲಿ ಸಿಗುತ್ತಿದ್ದಳು.

ಗುಡ್ಡಪ್ಪ ವಯಸ್ಕರ ಶಾಲೆಗೆ ಮತ್ತೆ ಹೋಗಲಿಲ್ಲ. ಶಾಲೆಯವರು ಕರೆಯಲು ಬಂದಾಗ, ಸ್ಲೇಟನ್ನು ಅವರ ಕೈಗೇ ಕೊಟ್ಟು ಕಳಿಸಿದನಂತೆ. ಆಮೇಲೆ ಎಲ್ಲಿ ಸಹಿ ಕೇಳಿದರೂ ಹೆಬ್ಬೆಟ್ಟೇ ಒತ್ತುತ್ತಿದ್ದ.

ರಂಗವ್ವ ಮೇಷ್ಟ್ರ ಮನೆಯ ಕೆಲಸ ಬಿಟ್ಟಳು. ತಿಂಗಳ ಮೇಲೆ ನಾಗರತ್ನಮ್ಮ ಅವಳ ಗುಡಿಸಲಿಗೆ ಬಂದು ಬಾಗಿಲಲ್ಲಿ ನಿಂತರು.

“ತಪ್ಪು ನಮ್ಮನೆಯವರದೇ ರಂಗವ್ವ. ಅವರಿಗೂ ಗೊತ್ತೈತೆ.”

“ಅವರು ಹಂಗಂತ ಅಂದ್ರೇನ್ರಿ ಅಮ್ಮ?”

ನಾಗರತ್ನಮ್ಮ ಇಲ್ಲವೆಂದು ತಲೆಯಾಡಿಸಿದರು.

“ಗುಡ್ಡಪ್ಪಣ್ಣಗೆ ಒಂದು ಮಾತು ಹೇಳಾಕೆ ಹೇಳ್ರಿ. ನನಗೇನೂ ಬ್ಯಾಡ” ಎಂದಳು ರಂಗವ್ವ.

ಮೇಷ್ಟ್ರು ಹೇಳಲಿಲ್ಲ. ಅದಾದ ಮೇಲೆ ಒಂಬತ್ತು ವರ್ಷ ಬದುಕಿದ್ದರು. ಸಾರಥಿ ದೂರವೇನೂ ಇರಲಿಲ್ಲ.

ಊರಿನವರು ಯಾರ ಕೈಲಾದರೂ ಬರೆಸಿ ಹಾಕಿದ ಕಾರ್ಡುಗಳು ಈಗ ಆಗೊಮ್ಮೆ ಈಗೊಮ್ಮೆ ಅವಳ ಗುಡಿಸಲಿಗೇ ಬರುತ್ತಿದ್ದವು. ರಂಗವ್ವ ಯಾರಿಂದಲೂ ಓದಿಸುತ್ತಿರಲಿಲ್ಲ. ಕಾರ್ಡು ಕೈಗೆ ಬಂದ ದಿನವೇ ಹರಿಹರದ ಬಸ್ಸು ಹತ್ತುತ್ತಿದ್ದಳು. ಹೋಗಿ ನೋಡಿದರೆ ಒಮ್ಮೆ ಎಮ್ಮೆ ಕರು ಹಾಕಿರುತ್ತಿತ್ತು, ಒಮ್ಮೆ ಯಾರದೋ ಮನೆಯ ಕೂಸಿನ ತೊಟ್ಟಿಲ ಶಾಸ್ತ್ರ ಮುಗಿದುಹೋಗಿರುತ್ತಿತ್ತು. ತಿಮ್ಮವ್ವ ರೊಟ್ಟಿ ಬಡಿದು ಹಾಕುತ್ತಿದ್ದಳು. ಇಬ್ಬರೂ ಹೆಚ್ಚು ಮಾತಾಡದೆ ಉಣ್ಣುತ್ತಿದ್ದರು.